ಹೂಂಗುಟ್ಟಿದ ಹೊತ್ತು

ಮಾರ್ಚ್ 3, ಸೋಮವಾರ

ಈ ನೋಟ್‌ಬುಕ್ಕು ಕೆಲಸಕ್ಕೆ ಮಾತ್ರ. ಯಾವ ಕೇಬಲ್ ಎಲ್ಲಿಗೆ ಹೋಗುತ್ತದೆ, ಯಾವ ಪೆಟ್ಟಿಗೆ ಯಾವುದರ ಜೊತೆ ಏನು ಮಾತಾಡುತ್ತದೆ ಎಂಬುದನ್ನು ಅಂದಂದೇ ಬರೆದಿಡಬೇಕು. ಹಿಂದಿನ ಕೆಲಸದಲ್ಲಿ ಬರೆಯದೆ ಪಟ್ಟ ಪಾಡು ಸಾಕು. ಮನೆಯ ವಿಷಯ, ಮನಸ್ಸಿನ ವಿಷಯ ಇದರಲ್ಲಿ ಬೇಡ.

ಇಂದು ಶೈತ್ಯಾಗಾರದಲ್ಲಿ ಮೊದಲ ದಿನ. ಹಣ್ಣು, ತರಕಾರಿ ತುಂಬಿಡುವ ಆರು ದೊಡ್ಡ ಕೋಣೆಗಳು, ಅವನ್ನು ತಣ್ಣಗಿಡುವ ಅಮೋನಿಯಾ ಕಂಪ್ರೆಸರುಗಳ ಯಂತ್ರಶಾಲೆ, ಅಂಗಳದ ಆಚೆಗೆ ಆಪರೇಟರ್ ಕೂರುವ ಪ್ಯಾನೆಲ್ ಕೋಣೆ. ಪ್ಯಾನೆಲ್ಲಿಗೆ ಇಪ್ಪತ್ತೆರಡು ವರ್ಷ. ಮಾಡಿದ ಕಂಪನಿ ಮುಚ್ಚಿಹೋಗಿದೆ, ಕೈಪಿಡಿ ಇಲಿಗಳ ಪಾಲಾಗಿದೆ. ಹೊಸದನ್ನು ಹಾಕಬೇಕೆಂದರೆ ಹಳೆಯದು ಸೆನ್ಸರುಗಳ ಜೊತೆ ಯಾವ ಭಾಷೆಯಲ್ಲಿ ಮಾತಾಡುತ್ತದೆಂದು ಮೊದಲು ತಿಳಿಯಬೇಕು. ಅದಕ್ಕೆ ನಾನು. ತಂತಿಯ ಮೇಲೆ ಹೋಗಿಬರುವ ಮಾತನ್ನು ಹಿಡಿದು, ಬಿಡಿಸಿ, ಅರ್ಥ ಬರೆದುಕೊಡುವುದು ನನ್ನ ಕಸುಬು. ಕದ್ದು ಕೇಳಿದ್ದಕ್ಕೆ ಬೈಗುಳದ ಬದಲು ಸಂಬಳ ಸಿಗುವ ಕೆಲಸ.

ಇಲ್ಲಿಯ ಆಪರೇಟರ್ ನನ್ನ ಅಕ್ಕನ ಗಂಡ. ಹೀಗೊಂದು ಕೆಲಸವಿದೆ ಎಂದು ನನಗೆ ತಿಳಿಸಿದವರೂ ಅವರೇ. ನನ್ನನ್ನು ಕಂಡ ಕೂಡಲೇ, "ಬಂದಳಪ್ಪ ಪತ್ತೇದಾರಮ್ಮ! ಇನ್ನು ನಾನು ಆಕಳಿಸೋ ಹಾಗೂ ಇಲ್ಲ," ಎಂದರು. ಎಲ್ಲರೂ ನಕ್ಕರು. ನಾನು ನಗಲಿಲ್ಲ. ಕೆಲಸದ ಜಾಗದಲ್ಲಿ ನೆಂಟಸ್ತಿಕೆ ಬೇಡವೆಂದು ಆಮೇಲೆ ಪಕ್ಕಕ್ಕೆ ಕರೆದು ಹೇಳಿದೆ. "ಆಯ್ತು ಮೇಡಂ," ಎಂದು ಸಲಾಮು ಹೊಡೆದರು. ಐವತ್ತಾರು ತುಂಬಿದರೂ ಭಾವನ ಹುಡುಗಾಟ ಹೋಗಿಲ್ಲ.

ತಂತಿಯ ಮಾತನ್ನು ಹೊತ್ತಿನ ಸಮೇತ ಫೈಲಿಗೆ ಇಳಿಸಿಕೊಳ್ಳಲು ಎರಡು ಲ್ಯಾಪ್‌ಟಾಪ್ ಇಟ್ಟಿದ್ದೇನೆ. ಯಂತ್ರಶಾಲೆಯಲ್ಲಿ ಇವರ ಉಗ್ರಾಣದಿಂದ ತೆಗೆಸಿದ ಹಳೆಯದು, ಪ್ಯಾನೆಲ್ ಕೋಣೆಯಲ್ಲಿ ನನ್ನದು. ಯಂತ್ರಗಳ ಈ ಜಾಲಕ್ಕೆ ಹೊರಗಿನ ಇಂಟರ್ನೆಟ್ ಇಲ್ಲ. ಎರಡರ ಗಡಿಯಾರವನ್ನೂ ಕೈಗಡಿಯಾರ ನೋಡಿ ಸರಿಮಾಡಿದೆ.

ಮಾರ್ಚ್ 5, ಬುಧವಾರ

ಮಾತು ಬಿಡಿಸಿಕೊಳ್ಳುತ್ತಿದೆ. ಯಂತ್ರಶಾಲೆಯಲ್ಲಿ ಹನ್ನೆರಡು ಗ್ಯಾಸ್ ಸೆನ್ಸರುಗಳು. ಪ್ರತಿಯೊಂದೂ ಐದು ಸೆಕೆಂಡಿಗೊಮ್ಮೆ ತನ್ನ ಹೆಸರು, ತನ್ನ ಮಾತಿನ ಕ್ರಮಸಂಖ್ಯೆ ಹೇಳಿ, "ಗ್ಯಾಸ್ ಇಲ್ಲ" ಎನ್ನುತ್ತದೆ. ಪ್ಯಾನೆಲ್ ಪ್ರತಿಸಲವೂ ಆರೇ ಬೈಟಿನ ಒಂದು ಚಿಕ್ಕ ಉತ್ತರ ಕಳಿಸುತ್ತದೆ. ಅದರಲ್ಲಿ ಸೆನ್ಸರ್ ಹೇಳಿದ ಆ ಸಂಖ್ಯೆ ಬಿಟ್ಟರೆ ಬೇರೇನೂ ಇಲ್ಲ. ಅರ್ಧ ದಿನ ತಲೆ ಕೆಡಿಸಿಕೊಂಡ ಮೇಲೆ ಹೊಳೆಯಿತು. ಪ್ಯಾನೆಲ್ ಹೂಂಗುಟ್ಟುತ್ತಿದೆ! ಚಿಕ್ಕಂದಿನಲ್ಲಿ ಅಕ್ಕ ಕಥೆ ಹೇಳುವಾಗ ಹೀಗೆಯೇ. ಮಾತಿಗೊಂದು "ಹ್ಞೂಂ" ಬೀಳದಿದ್ದರೆ ರಾಜಕುಮಾರ ಕುದುರೆ ಏರುತ್ತಲೇ ಇರಲಿಲ್ಲ.

ಫೈಲಿನ ತುಂಬ ಈ ಹೂಂಗಳೇ. ಜರಡಿ ಹಿಡಿದು ಅವೆಲ್ಲ ಕಣ್ಣಿಗೆ ಬೀಳದಂತೆ ಮಾಡಿದೆ. ಹೂಂ ಎನ್ನುವುದನ್ನು ಎಣಿಸುತ್ತ ಕೂರಲು ನನಗೆ ಪುರುಸೊತ್ತಿಲ್ಲ. ನನ್ನ ಲ್ಯಾಪ್‌ಟಾಪಿನಲ್ಲಿ ಜಾಗ ಕಡಿಮೆಯಾದ್ದರಿಂದ ಅಲ್ಲಿ ಪ್ಯಾನೆಲ್ಲಿನಿಂದ ಹೊರಗೆ ಹೋಗುವುದನ್ನಷ್ಟೇ ಹಿಡಿಯುತ್ತಿದ್ದೇನೆ. ಒಳಗೆ ಬರುವುದು ಹೇಗೂ ಯಂತ್ರಶಾಲೆಯ ಫೈಲಿನಲ್ಲಿ ಸಿಗುತ್ತದಲ್ಲ.

ಭಾವ ಚಹಾ ತಂದುಕೊಟ್ಟು, "ಏನಂತವೆ ನನ್ನ ಸೆನ್ಸರುಗಳು?" ಎಂದರು.

"ದಿನವಿಡೀ ಗ್ಯಾಸ್ ಇಲ್ಲ, ಗ್ಯಾಸ್ ಇಲ್ಲ ಅಂತವೆ."

"ನಿಮ್ಮಕ್ಕನೂ ಅಡುಗೆಮನೆಯಿಂದ ಅದನ್ನೇ ಹೇಳ್ತಾಳೆ," ಎಂದು ತಾವೇ ನಕ್ಕರು.

ಮಾರ್ಚ್ 10, ಸೋಮವಾರ

ನಿನ್ನೆ ದುರಸ್ತಿಗೆಂದು ಯಂತ್ರಶಾಲೆಯ ಗೋಡೆ ಪ್ಲಗ್ಗುಗಳ ಕರೆಂಟ್ ತೆಗೆದಿದ್ದರಂತೆ. ಹಳೆಯ ಲ್ಯಾಪ್‌ಟಾಪ್ ಉಸಿರು ನಿಲ್ಲಿಸಿತ್ತು. ಬೆಳಿಗ್ಗೆ ಮತ್ತೆ ಶುರು ಮಾಡಿದೆ. ಒಂದು ದಿನದ ಮಾತು ಹೋಯಿತು, ಅಷ್ಟೇ.

ಮಾರ್ಚ್ 11, ಮಂಗಳವಾರ

ಹನ್ನೊಂದು ದಾಟಿದ ಮೇಲೆ ಯಂತ್ರಶಾಲೆಯಲ್ಲಿ ಪೈಪಿನ ಜೋಡಣೆ ಸಿಡಿದು ಅಮೋನಿಯಾ ನುಗ್ಗಿತು. ನಾನು ಕಚೇರಿಯ ಮಹಡಿಯಲ್ಲಿದ್ದೆ. ಅಲ್ಲಿಗೂ ಕಣ್ಣು ಸುಡುವ ವಾಸನೆ. ಪೆಟ್ಟಿಗೆ ಸಾಗಿಸುವ ಲೋಡರ್ ಒಬ್ಬ ಒಳಗೆ ಸಿಕ್ಕಿಬಿದ್ದಿದ್ದ. ಮುಖಕ್ಕೆ ಒದ್ದೆ ಬಟ್ಟೆ ಸುತ್ತಿಕೊಂಡು ಹೋಗಿ ಅವನನ್ನು ಹೊತ್ತು ತಂದವರು ಭಾವ. ಅವನ ಕಣ್ಣುಗಳನ್ನು ನೋಡಬಾರದಿತ್ತು. ನೋಡಿದೆ.

ಇಂದಿಗೆ ಇಷ್ಟೇ.

ಮಾರ್ಚ್ 12, ಬುಧವಾರ

ಲೋಡರ್ ಬದುಕಿದ್ದಾನೆ. ಕಣ್ಣಿನ ವಿಷಯ ಈಗಲೇ ಹೇಳಲಾಗದಂತೆ.

ಮ್ಯಾನೇಜರ್ ಕರೆಸಿದರು. "ವಾಲ್ವ್ ತಕ್ಷಣ ಮುಚ್ಚಿದ್ರೆ ಇಷ್ಟಾಗ್ತಿರ್ಲಿಲ್ಲ ಅಂತ ಜನ ಅಂತಿದಾರೆ ಮೇಡಂ. ನಿಮ್ಮ ಹತ್ರ ರೆಕಾರ್ಡ್ ಇದೆಯಲ್ಲ. ಗ್ಯಾಸ್ ಅಂತ ಸೆನ್ಸರ್ ಹೇಳಿದ್ದು ಯಾವಾಗ, ಆಪರೇಟರ್ ವಾಲ್ವ್ ಮುಚ್ಚಿದ್ದು ಯಾವಾಗ, ಎರಡೇ ಸಾಲು ಬರೆದುಕೊಡಿ." ಸ್ವಲ್ಪ ತಡೆದು, "ಅವರು ನಿಮ್ಮ ಭಾವ ಅಲ್ವಾ? ಕಷ್ಟ ಅನ್ನಿಸಿದ್ರೆ ಬೇರೆ ಯಾರನ್ನಾದ್ರೂ ಕರೆಸ್ತೀವಿ," ಎಂದರು.

ಮೈಯೆಲ್ಲ ಉರಿಯಿತು. ಹದಿನಾರು ವರ್ಷದ ಕೆಲಸದಲ್ಲಿ ಯಾರೂ ನನ್ನನ್ನು ಹೀಗೆ ಅಳೆದಿರಲಿಲ್ಲ. "ನಾನೇ ಕೊಡ್ತೀನಿ," ಎಂದೆ.

ಯಂತ್ರಶಾಲೆಯೊಳಗಿನ ಸೈರನ್ ಕೆಟ್ಟು ಎರಡು ವರ್ಷವಾಗಿದೆ. "ಗ್ಯಾಸ್ ಇದೆ" ಎಂಬ ಮಾತು ಮುಟ್ಟಿದೊಡನೆ ಪ್ಯಾನೆಲ್ ಕೋಣೆಯೊಳಗಿನದು ಮಾತ್ರ ಕೂಗುತ್ತದೆ, ಆಗ ಆಪರೇಟರ್ ಗುಂಡಿ ಒತ್ತಿ ಅಮೋನಿಯಾದ ವಾಲ್ವ್ ಮುಚ್ಚಬೇಕು. ಕಂಪ್ರೆಸರುಗಳ ಅಬ್ಬರದಲ್ಲಿ ಅದು ಬಾಗಿಲಾಚೆಗೆ ಕೇಳುವುದಿಲ್ಲ. ಆ ಹೊತ್ತಿನಲ್ಲಿ ಅಲ್ಲಿದ್ದವರು ಆಪರೇಟರ್ ಒಬ್ಬರೇ. ಆದ್ದರಿಂದ ಸಾಕ್ಷಿಯೆಂದರೆ ನನ್ನ ಎರಡು ಫೈಲುಗಳು.

ಮಾರ್ಚ್ 14, ಶುಕ್ರವಾರ

ಎರಡೂ ಫೈಲುಗಳನ್ನು ಹೊಂದಿಸಿದೆ.

ಯಂತ್ರಶಾಲೆಯ ಫೈಲು: ನಾಲ್ಕನೆಯ ಸೆನ್ಸರ್, "ಗ್ಯಾಸ್ ಇದೆ", 11:14:05.
ಪ್ಯಾನೆಲ್ ಕೋಣೆಯ ಫೈಲು: ವಾಲ್ವ್ ಮುಚ್ಚುವ ಆದೇಶ, 11:17:20.

ಮೂರು ನಿಮಿಷ ಹದಿನೈದು ಸೆಕೆಂಡು. ಮತ್ತೊಮ್ಮೆ ಬುಡದಿಂದ ನೋಡೋಣ ಎಂದು ಕೈ ಮುಂದೆ ಹೋಯಿತು. ಆಮೇಲೆ ಯೋಚಿಸಿದೆ. ಬೇರೆ ಯಾರದೋ ವಿಷಯವಾಗಿದ್ದರೆ ಹೀಗೆ ಎರಡೆರಡು ಸಲ ನೋಡುತ್ತಿದ್ದೆನೆ? ಭಾವನೆಂದು ನೋಡಿದರೆ ಅದು ತನಿಖೆಯಾಗುವುದಿಲ್ಲ, ತಪ್ಪಿಸಿಕೊಳ್ಳುವ ದಾರಿ ಹುಡುಕಿದಂತೆ. ನಾಳೆ ಮ್ಯಾನೇಜರ್ ಅದನ್ನೇ ಅನ್ನುತ್ತಾರೆ. ಹಾಗಾಗಿ ಮುಟ್ಟಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಬರೆದು, ಸಹಿ ಹಾಕಿ ಕೊಟ್ಟೆ.

ಮೆಟ್ಟಿಲಲ್ಲಿ ಆಪರೇಟರ್ ಎದುರಾದರು. "ಏನಮ್ಮ, ಏನು ಸಿಕ್ತು?"

"ತನಿಖೆ ನಡೀತಿದೆ. ನಾನು ಮಾತಾಡೋ ಹಾಗಿಲ್ಲ."

"ಅದಲ್ಲ ಕಣಮ್ಮ, ಅವತ್ತು ಏನಾಯ್ತು ಅಂದ್ರೆ..." ಎಂದು ಶುರು ಮಾಡಿದರು. ನಾನು ಕೈ ಅಡ್ಡ ಹಿಡಿದು ಇಳಿದುಬಂದೆ. ಕಸುಬಿನಲ್ಲಿ ಇಷ್ಟು ಬಿಗಿ ಇರಬೇಕು.

ಮಾರ್ಚ್ 15, ಶನಿವಾರ

ಅಕ್ಕ ಬಂದಿದ್ದಳು. ಚಪ್ಪಲಿ ಕಳಚುವ ಮೊದಲೇ ಶುರು.

"ಮೂರು ನಿಮಿಷ ಅವರು ಏನು ಮಾಡ್ತಿದ್ರೇ? ಗೊರಕೆ ಹೊಡೀತಿದ್ರಾ? ಅದನ್ನೂ ಬರೆದಿದೀಯಾ?"

"ಏನು ಮಾಡ್ತಿದ್ರು ಅನ್ನೋದು ತಂತಿ ಮೇಲೆ ಬರಲ್ಲ ಅಕ್ಕ. ಎಷ್ಟೊತ್ತಿಗೆ ಮಾಡಿದ್ರು ಅನ್ನೋದಷ್ಟೇ ಬರತ್ತೆ."

"ಕೆಟ್ಟ ರೇಡಿಯೋ ಬಿಚ್ಚಿ, ಒಂದೊಂದೇ ತಂತಿ ತೋರಿಸಿ ನಿನಗೆ ಈ ಹುಚ್ಚು ಹಿಡಿಸಿದವರು ಅವರು. ಆಗ ನಿನಗೆ ಹನ್ನೆರಡು ವರ್ಷ. ಇವತ್ತು ಅವರ ಹೊಟ್ಟೆ ಮೇಲೇ ಹೊಡೆದೆಯಲ್ಲ!"

ನಾನು ಆಡಿದ ಮಾತನ್ನೂ ಬರೆದಿಡುತ್ತೇನೆ. "ಉಪ್ಪು ತಿಂದವರು ನೀರು ಕುಡೀಲೇಬೇಕು ಅಕ್ಕ," ಎಂದೆ. ಅವಳು ಚಹಾ ಮುಗಿಸದೆ ಎದ್ದುಹೋದಳು. ಅಂಥ ಕಟುವಾದ ಮಾತೇನಲ್ಲ, ಗಾದೆ. ಮನೆ ವಿಷಯ ಇಲ್ಲಿ ಬರೆಯಬಾರದೆಂದುಕೊಂಡಿದ್ದೆ. ಆದರೆ ಇದು ಕೆಲಸದ ವಿಷಯವೇ ತಾನೆ.

ಮಾರ್ಚ್ 19, ಬುಧವಾರ

ಆಪರೇಟರ್ ತಪ್ಪೊಪ್ಪಿಗೆ ಬರೆದುಕೊಟ್ಟಿದ್ದಾರೆ. "ನಾನು ಮೈಮರೆತಿದ್ದೆ" ಎಂದಿದೆಯಂತೆ. ಕೆಲಸದಿಂದ ತೆಗೆದಿದ್ದಾರೆ. ಮ್ಯಾನೇಜರ್, "ನಿಮ್ಮಂಥವರು ಬೇಕು ಮೇಡಂ," ಎಂದು ಕೈ ಕುಲುಕಿದರು.

ಅಂದರೆ ನಾನು ಬರೆದದ್ದು ಸರಿ. ಅವರೇ ಒಪ್ಪಿಕೊಂಡರಲ್ಲ. ಇನ್ನು ಯಾರು ಏನು ಹೇಳುವ ಹಾಗಿದೆ?

ಮಧ್ಯಾಹ್ನದ ಊಟ ಸೇರಲಿಲ್ಲ.

ಮಾರ್ಚ್ 22, ಶನಿವಾರ

ಕೆಲಸ ಸಾಗಲಿಲ್ಲ. ತಂತಿಯ ಒಂದೇ ಮಾತನ್ನು ಮೂರು ಸಲ ಬಿಡಿಸಿದೆ.

ಮಾರ್ಚ್ 25, ಮಂಗಳವಾರ

ವಿಮೆಯ ಕಾಗದವೊಂದಕ್ಕೆ ಲೋಡರ್‌ನ ಹೆಬ್ಬೆಟ್ಟು ಹಾಕಿಸಬೇಕಿತ್ತು. ಆ ಕಡೆ ಹೋಗುವವಳಿದ್ದುದರಿಂದ ನಾನೇ ಆಸ್ಪತ್ರೆಗೆ ಒಯ್ದೆ. ವಾರ್ಡಿನ ಬಾಗಿಲಲ್ಲೇ ನಿಂತುಬಿಟ್ಟೆ. ಮಂಚದ ಪಕ್ಕದಲ್ಲಿ ಭಾವ ಕೂತು ಅವನಿಗೆ ಚಮಚದಲ್ಲಿ ಗಂಜಿ ತಿನ್ನಿಸುತ್ತಿದ್ದರು. ಅವನ ಕಣ್ಣಿಗೆ ಪಟ್ಟಿ. ಒಂದು ಕಣ್ಣು ಉಳಿಯುತ್ತದಂತೆ.

"ದಿನಾ ಯಾಕೆ ಬರ್ತೀರಿ ಯಜಮಾನ್ರೇ? ನನ್ನನ್ನ ಹೊತ್ತು ತಂದೋರು ನೀವು. ನಾನು ನಿಮ್ಮನೆಗೆ ಬರ್ಬೇಕು," ಎಂದ ಅವನು.

"ಮೂರು ನಿಮಿಷ ತಡ ಮಾಡಿದವನೂ ನಾನೇ ಕಣಪ್ಪ," ಎಂದರು ಭಾವ. ಚಮಚ ಗಾಳಿಯಲ್ಲೇ ನಿಂತಿತ್ತು. "ಎಲ್ಲಿ ಹೋಗಿದ್ನೋ ಗೊತ್ತಿಲ್ಲ. ಎಷ್ಟು ಹುಡುಕಿದ್ರೂ ಆ ಮೂರು ನಿಮಿಷ ಸಿಗ್ತಾ ಇಲ್ಲ."

ಹೆಬ್ಬೆಟ್ಟು ಹಾಕಿಸದೆ ವಾಪಸು ಬಂದೆ. ಮ್ಯಾನೇಜರಿಗೆ ವಾರ್ಡು ಮುಚ್ಚಿತ್ತೆಂದು ಸುಳ್ಳು ಹೇಳಿದೆ.

ಮಾರ್ಚ್ 30, ಭಾನುವಾರ

ಹದಿನೈದು ದಿನಗಳ ಮೇಲೆ ಅಕ್ಕನ ಫೋನು. ಬೈಯುತ್ತಾಳೆಂದುಕೊಂಡೆ. ಬೈಯಲಿಲ್ಲ, ಅದೇ ಕಷ್ಟವಾಯಿತು.

ಭಾವ ಬಾಗಿಲಿಗೆ ಬೀಗ ಹಾಕಿ ಬೀದಿಯ ತುದಿಯಿಂದ ಮೂರು ಮೂರು ಸಲ ತಿರುಗಿ ಬರುತ್ತಾರಂತೆ. ಒಲೆ ಆರಿಸಿದೆ, ನಲ್ಲಿ ನಿಲ್ಲಿಸಿದೆ ಎಂದು ಚೀಟಿ ಬರೆದು ಜೇಬಿನಲ್ಲಿಟ್ಟುಕೊಳ್ಳುತ್ತಾರಂತೆ. ಸ್ಕೂಟರ್ ಮುಟ್ಟುವುದಿಲ್ಲ. ಅವರ ಅಪ್ಪ ಕೊನೆಗಾಲದಲ್ಲಿ ಮಕ್ಕಳ ಗುರುತನ್ನೂ ಮರೆತಿದ್ದರು. "ನಂಗೂ ಶುರುವಾಯ್ತು ಕಣೇ, ನಮ್ಮಪ್ಪನ ಹಾಗೇ," ಎಂದು ಅಕ್ಕನ ಎದುರು ಅತ್ತರಂತೆ. ಭಾವ ಅತ್ತದ್ದನ್ನು ನಾನು ಈ ಜನ್ಮದಲ್ಲಿ ಕಂಡಿಲ್ಲ.

"ಮೊದಲ ದಿನ ಗಟ್ಟಿಯಾಗಿ ಹೇಳ್ತಿದ್ರು, ನಾನು ತಕ್ಷಣ ಒತ್ತಿದೆ ಅಂತ. ನಿನ್ನ ಕಾಗದ ಓದಿದ್ಮೇಲೆ ಸುಮ್ಮನಾದ್ರು. 'ಅವಳು ಸುಳ್ಳು ಬರೆಯಲ್ಲ. ಅವಳು ಬರೆದಿದಾಳೆ ಅಂದ್ರೆ ನಾನೇ ಮರೆತಿದೀನಿ' ಅಂದ್ರು. ಕೆಲಸ ಹಾಳಾಗಿ ಹೋಗ್ಲಿ. ಮನುಷ್ಯನೇ ಹೋಗ್ತಿದಾನಲ್ಲೇ..."

ಅಕ್ಕ ಹೇಳುತ್ತಲೇ ಇದ್ದಳು, ಆಮೇಲೆ ಕೂಗಿದಳು. "ಇದೀಯಾ? ಹ್ಞೂಂ ಅನ್ನೋಕೂ ಬಾಯಿಲ್ವಾ? ನೀನು ಹ್ಞೂಂ ಅಂದ್ರೆ ತಾನೇ ನಾನು ಹೇಳಿದ್ದು ನಿನಗೆ ಮುಟ್ತು ಅಂತ ನಂಗೆ ಗೊತ್ತಾಗೋದು!"

"ಹ್ಞೂಂ," ಎಂದೆ. ಅವಳು ಫೋನ್ ಇಟ್ಟಳು.

ಮಾರ್ಚ್ 31, ಸೋಮವಾರ

ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಹೋಗಿ ಕೂತೆ. ಅಕ್ಕನ ಮಾತು ತಲೆಯಿಂದ ಇಳಿದಿರಲಿಲ್ಲ. ಹ್ಞೂಂ ಎಂದರೆ ಮುಟ್ಟಿತು ಎಂದರ್ಥ. ಹಾಗಾದರೆ ನಾಲ್ಕನೆಯ ಸೆನ್ಸರ್ "ಗ್ಯಾಸ್ ಇದೆ" ಎಂದದ್ದು ಪ್ಯಾನೆಲ್ಲಿಗೆ ಮುಟ್ಟಿದ್ದು ಯಾವಾಗ? ಅದಕ್ಕೂ ಪ್ಯಾನೆಲ್ ಹೂಂಗುಟ್ಟಿರಬೇಕು. ಆ ಹೂಂ ಪ್ಯಾನೆಲ್ಲಿನಿಂದ ಹೊರಗೆ ಹೋಗುವ ಮಾತು, ಆದ್ದರಿಂದ ನನ್ನ ಲ್ಯಾಪ್‌ಟಾಪಿನ ಫೈಲಿನಲ್ಲೂ ಇರಬೇಕು. ಜರಡಿ ತೆಗೆದೆ. ಇಷ್ಟು ದಿನ ಮುಚ್ಚಿಟ್ಟಿದ್ದ ಹೂಂಗಳೆಲ್ಲ ಪರದೆಯ ಮೇಲೆ ಸುರಿದವು.

"ಗ್ಯಾಸ್ ಇದೆ" ಎಂಬ ಮಾತಿನ ಸಂಖ್ಯೆ 4471. ಯಂತ್ರಶಾಲೆಯ ಫೈಲಿನಲ್ಲಿ 4471ರ ಹೂಂ ಅದೇ 11:14:05ಕ್ಕೆ ಬಂದಿದೆ. ನನ್ನ ಲ್ಯಾಪ್‌ಟಾಪಿನಲ್ಲಿ ಅದೇ 4471ರ ಹೂಂ ಹೊರಟದ್ದು 11:17:12ಕ್ಕೆ.

ಒಂದೇ ಹೂಂ, ಎರಡು ಹೊತ್ತು. ಹೊರಡುವ ಮೂರು ನಿಮಿಷ ಮುಂಚೆಯೇ ತಲುಪಿದ ಉತ್ತರ! ಹಿಂದಿನದು, ಮುಂದಿನದು, ಐವತ್ತು ಹೂಂಗಳನ್ನು ನೋಡಿದೆ. ಎಲ್ಲದರಲ್ಲೂ ಅದೇ ಮೂರು ನಿಮಿಷ ಏಳು ಸೆಕೆಂಡಿನ ಅಂತರ. ಯಂತ್ರಶಾಲೆಗೆ ಓಡಿ ಹಳೆಯ ಲ್ಯಾಪ್‌ಟಾಪಿನ ಗಡಿಯಾರ ನೋಡಿದೆ. ಹಿಂದಿದೆ. ಬಿಚ್ಚಿದರೆ, ಕರೆಂಟ್ ಇಲ್ಲದಾಗ ಗಡಿಯಾರ ನಡೆಸುವ ಒಳಗಿನ ಗುಂಡಿ ಸೆಲ್ಲು ಸೊರಗಿದೆ. ಆ ಭಾನುವಾರ ಕರೆಂಟ್ ತೆಗೆದಾಗ ಗಡಿಯಾರ ಕುಂಟಿದೆ. ಸೋಮವಾರ ಶುರು ಮಾಡುವಾಗ ನಾನು ಅದನ್ನು ನೋಡಲೇ ಇಲ್ಲ.

11:17:12ರಿಂದ 11:17:20. ಎಂಟು ಸೆಕೆಂಡು. ಸೈರನ್ ಕೂಗಿದ ಎಂಟನೆಯ ಸೆಕೆಂಡಿಗೆ ಭಾವ ವಾಲ್ವ್ ಮುಚ್ಚಿದ್ದಾರೆ, ಆಮೇಲೆ ಒಳಗೆ ನುಗ್ಗಿದ್ದಾರೆ.

ನೆಲದ ಮೇಲೆ ಕೂತುಬಿಟ್ಟೆ. ಕಂಪ್ರೆಸರುಗಳ ಸದ್ದಿನಲ್ಲಿ ನಾನು ಅತ್ತದ್ದು ನನಗೇ ಕೇಳಲಿಲ್ಲ. ನೆಂಟರೆಂದು ಎರಡನೆಯ ಸಲ ನೋಡಲಿಲ್ಲ. ಬೇರೆ ಯಾರೇ ಆಗಿದ್ದರೂ ನೋಡುತ್ತಿದ್ದೆ.

ಏಪ್ರಿಲ್ 1, ಮಂಗಳವಾರ

ಮ್ಯಾನೇಜರ್ ಮೊದಲು ಏಪ್ರಿಲ್ ಫೂಲ್ ಎಂದುಕೊಂಡರು. ಆಮೇಲೆ ಎದ್ದು ಬಾಗಿಲು ಹಾಕಿದರು.

"ಮೇಡಂ, ಹೋದ ತಿಂಗಳು ಮೂರು ನಿಮಿಷ ಅಂದ್ರಿ, ಈ ತಿಂಗಳು ಎಂಟು ಸೆಕೆಂಡು. ಮುಂದಿನ ತಿಂಗಳು ಏನಂತೀರಿ? ಅವರೇ ಒಪ್ಪಿಕೊಂಡು ಬರೆದುಕೊಟ್ಟಿದಾರೆ."

"ನನ್ನ ಕಾಗದ ನೋಡಿ ಒಪ್ಪಿಕೊಂಡ್ರು."

"ಹಾವೂ ಸತ್ತಿದೆ, ಕೋಲೂ ಮುರಿದಿಲ್ಲ. ಈಗ ಅದನ್ನ ಮತ್ತೆ ಯಾಕೆ ಎಬ್ಬಿಸ್ತೀರಿ?"

"ಒಳಗಿನ ಸೈರನ್ ಎರಡು ವರ್ಷದಿಂದ ಕೆಟ್ಟಿದೆ ಅನ್ನೋದು ಎದ್ದುಬರತ್ತೆ ಅಂತಾನಾ?" ಎಂದೆ. ಬಾಯಿ ತಪ್ಪಿ ಬಂತು. ಅವರ ಮುಖ ಕಪ್ಪಿಟ್ಟಿತು.

"ನಾಳೆಯಿಂದ ನೀವು ಬರೋದು ಬೇಡ," ಎಂದರು.

ಫೈಲುಗಳ ನಕಲು ನನ್ನ ಚೀಲದಲ್ಲಿತ್ತು. ನೇರವಾಗಿ ಕಾರ್ಖಾನೆಗಳ ಸುರಕ್ಷತಾ ಅಧಿಕಾರಿಯ ಕಚೇರಿಗೆ ಹೋಗಿ ಅರ್ಜಿ ಬರೆದೆ. ಮೊದಲ ಸಾಲು: "ಮಾರ್ಚ್ ಹದಿನಾಲ್ಕರ ವರದಿಯಲ್ಲಿ ನಾನು ತಪ್ಪು ಮಾಡಿದ್ದೇನೆ." ಗುಮಾಸ್ತೆ ಓದಿ, ಕನ್ನಡಕ ಏರಿಸಿ ನನ್ನನ್ನು ನೋಡಿದಳು. "ಇನ್ನೊಬ್ಬರ ತಪ್ಪು ಬರೆಯೋರೇ ಇಲ್ಲಿಗೆ ಬರೋದಮ್ಮ," ಎಂದಳು.

ಏಪ್ರಿಲ್ 2, ಬುಧವಾರ

ಭಾವನಿಗೆ ಹೇಳಿದೆ. ಎರಡು ಫೈಲು, ಒಂದು ಹೂಂ, ಸೊರಗಿದ ಸೆಲ್ಲು, ಎಲ್ಲವನ್ನೂ. ಅಕ್ಕ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದಳು. ಕಾಲಿಗೆ ಬೀಳಲು ಬಗ್ಗಿದೆ. ಭಾವ ಕಾಲು ಹಿಂದಕ್ಕೆ ಎಳೆದುಕೊಂಡರು.

ಕೋಪ ಮಾಡಿಕೊಳ್ಳುತ್ತಾರೆ, ಇಲ್ಲ ಅಳುತ್ತಾರೆ ಎಂದು ಸಿದ್ಧಳಾಗಿ ಹೋಗಿದ್ದೆ. ಅವರು ನನ್ನ ಕಾಗದವನ್ನು ತಿರುಗಿಸಿ ತಿರುಗಿಸಿ ನೋಡಿ, "ಎಂಟೇ ಸೆಕೆಂಡಾ?" ಎಂದರು.

"ಎಂಟೇ ಭಾವ. ಖಂಡಿತ."

"ಅವತ್ತೂ ಹೀಗೇ ಖಂಡಿತ ಅಂತಲೇ ಬರೆದಿದ್ದೆಯಲ್ಲ ಕಣಮ್ಮ."

ಗೇಲಿಯಿಂದ ಹೇಳಿದ್ದಲ್ಲ. ನಿಜವಾಗಿಯೂ ಯಾವುದನ್ನು ನಂಬಬೇಕೆಂದು ಕೇಳುತ್ತಿದ್ದರು. ಹೊರಡುವಾಗ ಅಕ್ಕ ಗೇಟಿನವರೆಗೂ ಬಂದಳು. ಚಿಲಕ ಹಾಕಿಕೊಂಡು ಒಳಗೆ ಹೋದಳು.

ಏಪ್ರಿಲ್ 6, ಭಾನುವಾರ

ಬೇರೆ ಎರಡು ಕಂಪನಿಗಳೂ ಕೆಲಸ ಸದ್ಯಕ್ಕೆ ಬೇಡವೆಂದವು. ಸುದ್ದಿ ಹರಡಿದೆ. ಹರಡಲಿ. ಮಾಡಿದ್ದು ನಾನೇ.

ಏಪ್ರಿಲ್ 10, ಗುರುವಾರ

ಸುರಕ್ಷತಾ ಅಧಿಕಾರಿ ಎಲ್ಲರನ್ನೂ ಕರೆಸಿದ್ದರು. ಉದ್ದ ಮೇಜು, ಗೋಡೆಯಲ್ಲಿ ಸದ್ದು ಮಾಡುವ ಫ್ಯಾನು. ಆಕೆ ವಯಸ್ಸಾದವರು, ಮಾತು ಕಡಿಮೆ. ನಾನು ಹೂಂಗಳ ಪಟ್ಟಿಯನ್ನು ಅವರ ಮುಂದಿಟ್ಟು ಒಂದು ಗಂಟೆ ವಿವರಿಸಿದೆ. ತಾವು ಕರೆಸಿದ್ದ ಇನ್ನೊಬ್ಬ ತಂತ್ರಜ್ಞನಿಂದಲೂ ಲೆಕ್ಕ ಹಾಕಿಸಿದರು. ಅವನಿಗೂ ಎಂಟು ಸೆಕೆಂಡೇ ಬಂತು. ಮ್ಯಾನೇಜರ್ ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ ಏನೇನೋ ಹೇಳಿದರು. ಸೈರನ್ ಮಾತು ಬಂದಾಗ ನೀರು ಕುಡಿದರು.

ಕೊನೆಗೆ ಅಧಿಕಾರಿ ಭಾವನ ಕಡೆ ತಿರುಗಿದರು. "ಕಾಗದದಲ್ಲಿ ಏನಿದೆಯೋ ನಾನು ನೋಡಿದೀನಿ. ಈಗ ನಿಮ್ಮ ನೆನಪಿನಿಂದ ಹೇಳಿ. ಸೈರನ್ ಆದ ಮೇಲೆ ನೀವು ತಡ ಮಾಡಿದ್ರಾ?"

ಭಾವ ನನ್ನತ್ತ ನೋಡಿದರು.

"ಅವರನ್ನ ನೋಡ್ಬೇಡಿ. ನೀವು ಹೇಳಿ," ಎಂದರು ಅಧಿಕಾರಿ.

ಭಾವ ಮೇಜಿನತ್ತ ಕಣ್ಣು ತಿರುಗಿಸಿದರು. ಮೂವತ್ತೊಂದು ವರ್ಷ ಸೈರನ್ ಸದ್ದಿಗೆ ಕಿವಿ ಕೊಟ್ಟ ಮನುಷ್ಯ.

"ಮೊದಲು ಗೊತ್ತಿತ್ತು ಅಮ್ಮ," ಎಂದರು. "ಇವಳ ಕಾಗದ ಓದೋ ತನಕ ಗೊತ್ತಿತ್ತು. ಈಗ ಗೊತ್ತಿಲ್ಲ. ಕಣ್ಣು ಮುಚ್ಚಿದ್ರೆ ಮೂರು ನಿಮಿಷ ಸುಮ್ಮನೆ ಕೂತಿದ್ದ ಹಾಗೇ ಕಾಣತ್ತೆ. ಕೂತೇ ಇಲ್ಲ ಅಂತ ಇವಳು ಈಗ ಹೇಳ್ತಾಳೆ. ಆದ್ರೂ ಕಾಣತ್ತೆ."

ಅಧಿಕಾರಿ ಪೆನ್ನು ಕೆಳಗಿಟ್ಟರು. ಭಾವನ ಜೊತೆ ಬಂದಿದ್ದ ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅವರ ಕೆಲಸ ಕಿತ್ತುಕೊಂಡೆನೆಂದು ಇಷ್ಟು ದಿನ ಒದ್ದಾಡುತ್ತಿದ್ದೆ. ನಾನು ಕಿತ್ತುಕೊಂಡದ್ದು ಅದನ್ನಲ್ಲ.

ಏಪ್ರಿಲ್ 17, ಗುರುವಾರ

ಆದೇಶ ಬಂತು. ಭಾವನ ತಪ್ಪಿಲ್ಲ, ಮತ್ತೆ ಕೆಲಸಕ್ಕೆ ತೆಗೆದುಕೊಳ್ಳಬೇಕು. ಸೈರನ್ ವಿಷಯಕ್ಕೆ ಕಂಪನಿಗೆ ನೋಟಿಸು.

ಭಾವ ಹೋಗಿ, ಪ್ಯಾನೆಲ್ ಕೋಣೆ ಬೇಡ, ಗೇಟಿನಲ್ಲಿ ಲಾರಿ ನಂಬರು ಬರೆದುಕೊಳ್ಳುವ ಕೆಲಸ ಕೊಡಿ ಎಂದರಂತೆ. ಕೊಟ್ಟರಂತೆ.

ಏಪ್ರಿಲ್ 20, ಭಾನುವಾರ

ಕರೆಯದಿದ್ದರೂ ಹೋದೆ. ಅಕ್ಕ ಬಾಗಿಲು ತೆರೆದು, "ಊಟ ಆಯ್ತಾ?" ಎಂದಳು. ಆಗಿಲ್ಲವೆಂದೆ. ತಟ್ಟೆ ಹಾಕಿದಳು.

ಊಟವಾದ ಮೇಲೆ ಭಾವ ಜಗಲಿಯಲ್ಲಿ ಕೂತಿದ್ದರು. ಜೇಬಿನಿಂದ ಚೀಟಿಗಳ ತುದಿ ಕಾಣುತ್ತಿತ್ತು. ನಾನು ಹೋಗಿ ಪಕ್ಕದಲ್ಲಿ ಕೂತೆ. ಲ್ಯಾಪ್‌ಟಾಪ್ ಒಯ್ದಿರಲಿಲ್ಲ, ಕಾಗದಗಳನ್ನೂ ಒಯ್ದಿರಲಿಲ್ಲ.

"ಭಾವ, ಅವತ್ತು ಏನಾಯ್ತು? ಹೇಳಿ."

ಬೀದಿ ನೋಡುತ್ತಲೇ ಶುರು ಮಾಡಿದರು. ಚಹಾ ಲೋಟ ಕಿಟಕಿಯ ಮೇಲಿಟ್ಟದ್ದು, ಮೊಣಕೈಗೆ ಎಣ್ಣೆ ಮೆತ್ತಿಕೊಂಡದ್ದು, ಒರೆಸಲು ಹಳೇ ಬನಿಯನ್ ಹುಡುಕಿದ್ದು. "ಆಗ ಸೈರನ್ ಕೂಗ್ತು," ಎಂದರು. ಅಲ್ಲಿಗೆ ನಿಂತುಹೋಯಿತು. ಹಣೆ ಬೆವರಿತು.

"ಆಮೇಲೆ ನೀನೇ ಹೇಳು," ಎಂದರು. "ನಿನಗೆ ಗೊತ್ತಲ್ಲ."

ಎಂಟು ಸೆಕೆಂಡು ಎನ್ನುವುದು ನಾಲಿಗೆಯ ತುದಿಗೇ ಬಂದಿತ್ತು.

"ನನಗೆ ಗೊತ್ತಿಲ್ಲ ಭಾವ," ಎಂದೆ. "ನಾನು ಅಲ್ಲಿರಲಿಲ್ಲ."

ಅವರು ನನ್ನ ಮುಖವನ್ನೇ ನೋಡಿದರು. "ಹೌದಲ್ಲ. ನೀನಿರಲಿಲ್ಲ," ಎಂದರು. ಆಮೇಲೆ ಮೆಲ್ಲಗೆ, ತಮಗೆ ತಾವೇ ಎಂಬಂತೆ, "ನಾನಿದ್ದೆ," ಎಂದರು.

ಹಣೆ ಒರೆಸಿಕೊಂಡು ಮತ್ತೆ ಚಹಾ ಲೋಟದಿಂದ ಶುರು ಮಾಡಿದರು.